ಬೇಟೆಗಾರನ ಕೊನೆಯ ರೊಟ್ಟಿ

ನಮ್ಮ ಮನೆಯಲ್ಲಿ ಒಬ್ಬ ಬೇಟೆಗಾರ ಇದ್ದಾನೆ. ಇವತ್ತಿನವರೆಗೆ ಅವನು ಹಿಡಿದ ದೊಡ್ಡ ಬೇಟೆಯೆಂದರೆ ನನ್ನ ತಟ್ಟೆಯ ಹಪ್ಪಳ. ಹೆಸರು ಬರೆಯುವುದಿಲ್ಲ. ಬರೆಯುವಾಗ ಬಾಯಲ್ಲಿ ಅಂದುಕೊಳ್ಳುವುದು ನನ್ನ ಅಭ್ಯಾಸ; ಕೇಳಿಸಿದರೆ ತಿನ್ನಲು ಕರೆದಳೆಂದು ಎದ್ದು ಬಂದುಬಿಡುತ್ತಾನೆ.

ಬೀಗಲ್ ಜಾತಿಯ ನಾಯಿ. ಜೋಲು ಕಿವಿ, ಗಿಡ್ಡ ಕಾಲು, ಸದಾ ನೆಲಕ್ಕಂಟಿದ ಮೂಗು. ವಿಮಾ ಕಚೇರಿಯ ಕೆಲಸದ ಮೇಲೆ ಸೂರತ್ತಿಗೆ ವರ್ಗವಾಗಿ ಬಂದ ನನ್ನ ಮಗಳು ಅಡಾಜಣ್ ಬಡಾವಣೆಯ ಫ್ಲ್ಯಾಟಿಗೆ ಇವನನ್ನು ತಂದಳು.

‘ಮೊಲದ ಹಿಂದ ದಿನಾನೂ ಓಡೋ ಜಾತಿ ಅವ್ವಾ. ಭಾಳ ಪ್ರೀತಿ ಮಾಡ್ತದ.’

‘ಪ್ರೀತಿ ಅಲ್ಲ, ಹಸಿವು,’ ಅಂದೆ. ಕೊಡುವ ಕೈಯನ್ನು ಯಾರು ತಾನೇ ಪ್ರೀತಿಸುವುದಿಲ್ಲ?

ಅಡ್ಡಾಡಿಸದಿದ್ದರೆ ಸೋಫಾ ಕಡಿಯುತ್ತಾನೆ. ಒಬ್ಬನನ್ನೇ ಬಿಟ್ಟರೆ ಮುಖ ಮೇಲೆತ್ತಿ ಊಳಿಡುತ್ತಾನೆ. ಯಾರು ಹೋದರು ಎಂದು ನೆರೆಯವರು ವಿಚಾರಿಸಲು ಬರುತ್ತಾರೆ. ಹಾಗಾಗಿ ಮಗಳು ಕಚೇರಿಯಲ್ಲಿರುವಾಗ ನಾನು, ನನ್ನ ಮೊಣಕಾಲು ನೋವು, ಅವನು, ಮೂವರೂ ಹೊರಡುತ್ತಿದ್ದೆವು. ಆದರೂ ಅವನು ದಿಂಬಿನ ಹಾಗೆ ಉಬ್ಬುತ್ತಲೇ ಹೋದ.

ಕಿವಿ ಸೋರಿತೆಂದು ಡಾಕ್ಟರ ಬಳಿ ಒಯ್ದೆವು. ‘ಇಂಥ ಕಿವಿಯೊಳಗೆ ಗಾಳಿಯಾಡುವುದಿಲ್ಲ, ಒರೆಸುತ್ತಿರಿ. ಕಿವಿ ವಾಸಿಯಾಗುತ್ತದೆ, ಆದರೆ ಬೆನ್ನು ಈ ಭಾರ ತಾಳುವುದಿಲ್ಲ. ಹೀಗೇ ಬಿಟ್ಟರೆ ಹಿಂಗಾಲು ಎಳೆದುಕೊಂಡು ನಡೆದಾನು. ಇವನನ್ನು ನಡೆಸುತ್ತೀರಾ, ಮಾಸಿ?’ ಇಲ್ಲಿ ನನ್ನ ವಯಸ್ಸಿನವರೆಲ್ಲ ಮಾಸಿ, ಎಂದರೆ ಚಿಕ್ಕಮ್ಮ.

‘ಎರಡು ಹೊತ್ತೂ,’ ಅಂದೆ. ಸುಳ್ಳುಗಾರ್ತಿಯನ್ನು ನೋಡಿದ ಹಾಗೆ ನೋಡಿದರು.

ನಾನು ಸುಳ್ಳು ಹೇಳಿರಲಿಲ್ಲ. ನಡೆಯುತ್ತಿದ್ದುದು ಬೀದಿಯಲ್ಲಿ ಅಲ್ಲ, ಅಷ್ಟೇ. ಇಲ್ಲಿನ ಮನೆಗಳಲ್ಲಿ ರೋಟ್ಲಿ ಎನ್ನುವ ತೆಳು ಚಪಾತಿಯಲ್ಲಿ ಮೊದಲನೆಯದು ಹಸುವಿಗೆ, ಕೊನೆಯದು ನಾಯಿಗೆ ಎತ್ತಿಡುವ ಪದ್ಧತಿ. ನಾಯಿಯೇ ಬಾಗಿಲಿಗೆ ಬರುವಾಗ ಅದನ್ನು ಹುಡುಕಿಕೊಂಡು ಕೆಳಗಿಳಿಯುವವರು ಯಾರು? ಇವನು ಲಿಫ್ಟ್ ಒಲ್ಲೆನೆಂದು ಮೆಟ್ಟಿಲಿಗೇ ಎಳೆಯುತ್ತಿದ್ದ. ವ್ಯಾಯಾಮವೆಂದು ನಾನು ಹಿಗ್ಗುತ್ತಿದ್ದೆ. ಮಹಡಿ ಮಹಡಿಗೂ ಕುಳಿತು, ತುಪ್ಪ ಸವರಿದ ರೋಟ್ಲಿ ಮುಗಿಸಿ, ಗೇಟು ಮುಟ್ಟುವಷ್ಟರಲ್ಲಿ ಸುಸ್ತಾಗಿ ಮಲಗುತ್ತಿದ್ದ. ನನ್ನ ಜೋಳದ ರೊಟ್ಟಿಯ ತುಣುಕು ಬೇರೆ.

ಎದುರು ಮನೆಯಾಕೆಗೆ ನನ್ನ ಮುರುಕು ಹಿಂದಿಯಲ್ಲಿ ಬೇಡವೆಂದೆ. ‘ಸಂಕೋಚ ಯಾಕೆ ಮಾಸಿ?’ ಎಂದು ಇನ್ನೊಂದು ತಂದಳು. ಮತ್ತೆ ಬೇಡವೆಂದೆ. ಬೆಲ್ಲ ಸೇರಿತು.

‘ನಾಯಿಗೆಂದು ಎತ್ತಿಟ್ಟದ್ದು ಒಳಗೆ ವಾಪಸು ಹೋಗಬಾರದು, ಮಾಸಿ.’

‘ಹಾಗಾದರೆ ನನ್ನ ಚೀಲಕ್ಕೆ ಹಾಕು. ಬೀದಿ ನಾಯಿಗಳಿಗೆ ನಾನೇ ಹಾಕುತ್ತೇನೆ, ಪುಣ್ಯ ನಿನಗೇ ಇರಲಿ. ಇವನ ಕಾಲು ಹೋದರೆ ಹೊತ್ತುಕೊಂಡು ತಿರುಗುವವಳು ನೀನೇನು?’

ಮುಖ ಸಣ್ಣದು ಮಾಡಿಕೊಂಡಳು. ಆದರೂ ಚೀಲಕ್ಕೆ ಹಾಕಿದಳು. ಉಳಿದವರಿಗೂ ಅವಳೇ ಹೇಳಿದಳು.

ಆಗ ನಮ್ಮ ಬೇಟೆಗಾರ ಮೊದಲ ಸಲ ಬೇಟೆಗಿಳಿದ, ನನ್ನ ಚೀಲದ ಹಿಂದೆ! ತಾಪಿ ನದಿಯ ದಂಡೆಯವರೆಗೂ ಮೂಗು ಚೀಲ ಬಿಡಲಿಲ್ಲ. ಅಲ್ಲಿ ಬೀದಿ ನಾಯಿಗಳು ತಿನ್ನುವುದನ್ನು, ಆಸ್ತಿ ಪರರ ಪಾಲಾಗುವುದನ್ನು ಕಾಣುವ ದಾಯಾದಿಯಂತೆ ನೋಡುತ್ತ ಕೂತ.

ಜೋಳದ ರೊಟ್ಟಿಯನ್ನೂ ನಿಲ್ಲಿಸಿದೆ. ಗೋಡೆಗೆ ಮುಖ ಮಾಡಿ ಉಣ್ಣತೊಡಗಿದೆ.

‘ಇನ್ನ ನನ್ನ ಕಡೆ ಹಣಿಕಿ ಸುದ್ದಾ ಹಾಕೂದಿಲ್ಲ ನೋಡು ಅಂವ,’ ಎಂದೆ ಮಗಳಿಗೆ.

‘ಕಣ್ಣಾಗ ನೀರು ಬಂದಾವೇನವ್ವಾ?’

‘ನಾಯಿ ಸಲುವಾಗಿ ಯಾರು ಅಳ್ತಾರ? ಉಳ್ಳಾಗಡ್ಡಿ ಖಾರ.’

ಹೋದ ವಾರ ಡಾಕ್ಟರು ಅವನ ಬೆನ್ನು ಒತ್ತಿ ನೋಡಿ, ಭಾರ ಇಳಿದಿದೆ, ಇನ್ನು ಹೆದರಬೇಡಿ ಎಂದರು. ಮನೆಗೆ ಬಂದು ಊದಿದ ಕಾಲು ಚಾಚಿ ಕೂತೆ. ಅವನು ಬಂದ. ನನ್ನ ಬಲಗೈ ಮೂಸಿದ, ಏನಿಲ್ಲ. ಎಡಗೈ, ಏನಿಲ್ಲ. ಸೆರಗಿನ ತುದಿಯನ್ನೂ ಬಿಡಲಿಲ್ಲ, ಅಲ್ಲೂ ಏನಿಲ್ಲ. ಎದ್ದು ಹೋಗುತ್ತಾನೆಂದು ಕಾದೆ.

ಅಲ್ಲೇ ಒಂದು ಸುತ್ತು ತಿರುಗಿ ಮಲಗಿ, ನೋಯುವ ಮೊಣಕಾಲ ಮೇಲೇ ಗದ್ದ ಇಟ್ಟ.

ಜೀವ ಹೋಗುವಷ್ಟು ನೋವು. ಕಾಲು ತೆಗೆಯಲಿಲ್ಲ.