ಮೂಲಂಗಿ ಮೇಷ್ಟ್ರ ಸಿಂಕು

"ಇವತ್ತು ಸಂಜೆಯೊಳಗೆ ಮೂಲಂಗೀನ ಕಟ್ಟಿಹಾಕದಿದ್ರೆ ನಾನು ಕೆಮಿಸ್ಟ್ರಿ ಮೇಷ್ಟ್ರೇ ಅಲ್ಲ!"

ಭಾನುವಾರ ಬೆಳಿಗ್ಗೆ ಕಾಫಿ ಲೋಟವನ್ನು ಟೇಬಲ್ಲಿಗೆ ಕುಕ್ಕಿ ಮೇಷ್ಟ್ರು ಹೀಗೆ ಘೋಷಿಸಿದರು. ಪೇಪರು ಓದುತ್ತಿದ್ದ ಹೆಂಡತಿ ತಲೆಯೆತ್ತಲಿಲ್ಲ.

"ಯಾಕೆ, ಓಡಿಹೋಗ್ತಿದೆಯಾ?"

"ಓಡಿಹೋಗೋದು ಮೂಲಂಗಿಯಲ್ಲ ಕಣೇ, ಅದರ ಕಿಣ್ವ!"

ಮಾತು ನಿಜ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಿಂದ ಹರಿದುಬರುವ ನೀಲಿ ನೀರಿಗೆ ಮೂಲಂಗಿ ರಸ ಬಿದ್ದರೆ, ರಸದಲ್ಲಿರುವ ಕಿಣ್ವ ಬಣ್ಣವನ್ನೆಲ್ಲ ತೆಗೆದು ನೀರನ್ನು ತಿಳಿ ಮಾಡುತ್ತದೆ. ಆದರೆ ಆ ನೀರಿನ ಜೊತೆಗೇ ಅದೂ ಹೊರಟುಹೋಗುತ್ತದೆ! ಹಾಗಾಗದಂತೆ ಅದನ್ನು ಅಂಟಿನ ಗುಂಡುಗಳೊಳಗೆ ಕೂಡಿಹಾಕಿದರೆ ಮತ್ತೆ ಮತ್ತೆ ದುಡಿಸಬಹುದು. ಈ ಕೂಡಿಹಾಕುವುದೊಂದು ಎಂಟು ವರ್ಷದಿಂದ ಮೇಷ್ಟ್ರ ಕೈಲಿ ಆಗಿರಲಿಲ್ಲ. ಆಗಿದ್ದು ಇಷ್ಟೇ: ಕಾಲೇಜಿನಲ್ಲಿ ಅವರಿಗೆ 'ಮೂಲಂಗಿ ಮೇಷ್ಟ್ರು' ಎಂಬ ಹೆಸರು ಬಂದಿತ್ತು. ಈಗ ಸೋಮವಾರ ಪರಿಶೀಲನಾ ಸಮಿತಿ ಬರುವುದಿತ್ತು. ಗುಂಡು ನಿಲ್ಲದಿದ್ದರೆ ಯೋಜನೆಗೆ ಶಾಶ್ವತವಾಗಿ ಬೀಗ. ಪ್ರಯೋಗಾಲಯಕ್ಕೆ ಭಾನುವಾರವೇ ಬೀಗ. ಉಳಿದದ್ದು ಅಡುಗೆಮನೆ.

ಮೂರು ಕೆಜಿ ಮೂಲಂಗಿ ಮಿಕ್ಸಿಯೊಳಗೆ ವೀರಮರಣವನ್ನಪ್ಪಿತು. ವಾಸನೆ ಹಾಲ್ ದಾಟಿ, ಮೆಟ್ಟಿಲಿಳಿಯಿತು; ಕೆಳಗಿನ ಮನೆಯವರು ಧಡಾರೆಂದು ಕಿಟಕಿ ಮುಚ್ಚಿಕೊಂಡರು. ಮೇಷ್ಟ್ರು ಜಗ್ಗಲಿಲ್ಲ. ರಸಕ್ಕೆ ಕಡಲಪಾಚಿಯ ಅಂಟುಪುಡಿ ಕಲಸಿ, ಸಿರಿಂಜಿಗೆ ತುಂಬಿ, ಕ್ಯಾಲ್ಸಿಯಂ ಉಪ್ಪು ಕರಗಿಸಿದ ನೀರಿಗೆ ಹನಿ ಹನಿಯಾಗಿ ಬಿಡತೊಡಗಿದರು. ಪುಸ್ತಕದ ಪ್ರಕಾರ ಹನಿ ನೀರಿಗೆ ಬಿದ್ದ ಕೂಡಲೇ ಮುತ್ತಿನ ಹಾಗೆ ಗಟ್ಟಿಯಾಗಬೇಕು. ಇವರ ಹನಿಗಳಿಗೆ ಬಾಲ ಬಂತು!

"ಏನ್ರೀ ಇದು, ಗೊದಮೊಟ್ಟೆ ಸಾಕ್ತಿದ್ದೀರಾ?" ಹೆಂಡತಿ ಬಗ್ಗಿ ನೋಡಿದಳು.

"ಸುಮ್ನಿರೇ, ಕೈ ನಡುಗುತ್ತೆ!"

ಜರಡಿಗೆ ಸುರಿದದ್ದೇ ತಡ, ಬಾಲವೂ ತಲೆಯೂ ಒಟ್ಟಿಗೆ ಒಡೆದು ಲೋಳೆಯಾಗಿ ಕೆಳಗಿನ ಪಾತ್ರೆಗೆ ಇಳಿದುಹೋದವು. ಎರಡನೇ ಸಲವೂ ಅದೇ. ಐದನೇ ಸಲವೂ ಅದೇ! ಎಂಟು ವರ್ಷದ ದುಡಿಮೆ ಕಣ್ಣೆದುರೇ ತೊಟ್ಟಿಕ್ಕುವುದನ್ನು ನೋಡಲಾಗದೆ, ಪಾತ್ರೆ ಪೊಟ್ಟಣಗಳನ್ನೆಲ್ಲ ಇದ್ದಲ್ಲೇ ಬಿಟ್ಟು, ಮೇಷ್ಟ್ರು ಸೋಫಾದ ಮೇಲೆ ಬೋರಲು ಬಿದ್ದರು. ಅಳು ಬರುವುದೊಂದು ಬಾಕಿಯಿತ್ತು.

ಅರ್ಧ ಗಂಟೆಯಲ್ಲಿ ಅಡುಗೆಮನೆಯಿಂದ ಕೂಗು ಬಂತು. "ರೀ! ಸಿಂಕಲ್ಲಿ ನೀರು ಇಳೀತಿಲ್ಲ!"

ಮೇಷ್ಟ್ರು ಕಡ್ಡಿ ಹಾಕಿ ತಿವಿದರು. ಕಡ್ಡಿ ಮುರಿಯಿತು. ಸಿಂಕಿನ ತೂತಿಗೆ ಹಿಡಿಯಿರುವ ರಬ್ಬರ್ ಬಟ್ಟಲು ಒತ್ತಿ ಎಳೆದರು. ಬಟ್ಟಲು ಕಿತ್ತುಬಂದು ಹಿಡಿ ಮಾತ್ರ ಕೈಯಲ್ಲುಳಿಯಿತು. ನೀರು ಮಾತ್ರ ಏರುತ್ತ ಏರುತ್ತ ಕಟ್ಟೆಯಿಂದ ನೆಲಕ್ಕಿಳಿಯಿತು. ಕೊನೆಗೆ ಪ್ಲಂಬರ್‌ಗೆ ಫೋನು ಹೋಯಿತು.

ಪ್ಲಂಬರ್ ಬಂದವನು ಸಿಂಕಿನ ಕೆಳಗೆ ಕೂತು, ಮಾತಿಗೆಂದು ಕೇಳಿದ: "ಸಾರ್ ಏನು ಕೆಲಸ ಮಾಡ್ತೀರಾ?"

"ಕೊಳಕು ನೀರನ್ನ ಶುದ್ಧ ಮಾಡೋ ಸಂಶೋಧನೆ."

ಪ್ಲಂಬರ್ ತುಂಬಿ ತುಳುಕುವ ಸಿಂಕನ್ನು ನೋಡಿದ. ಮೇಷ್ಟ್ರನ್ನು ನೋಡಿದ. "ಎಷ್ಟು ವರ್ಷದಿಂದ?"

"ಎಂಟು."

ಅವನು ಸ್ಪ್ಯಾನರ್ ಕೈಗೆತ್ತಿಕೊಂಡ. ಕೊಳವೆಯ ಬಾಗು ಬಿಚ್ಚಿದ. ಮೇಲಿದ್ದ ನೀರೆಲ್ಲ ಅರ್ಧ ಬಕೆಟ್ಟಿಗೆ, ಅರ್ಧ ಮೇಷ್ಟ್ರ ಪ್ಯಾಂಟಿಗೆ ಹಂಚಿಹೋಯಿತು. ಬಾಗನ್ನು ನೆಲಕ್ಕೆ ಕುಟ್ಟಿದಾಗ ಅದರದೇ ಆಕಾರದ, ಮಸುಕು ಬಿಳಿಯ ಗಟ್ಟಿ ಹೊಳಪಿನ ವಸ್ತುವೊಂದು ಜಾರಿ ಹೊರಬಂತು.

"ಇಪ್ಪತ್ತೈದು ವರ್ಷದಲ್ಲಿ ಇಂಥಾ ಬ್ಲಾಕು ನೋಡಿಲ್ಲ ಸಾರ್! ಬಿಸಾಕ್ಲಾ?"

ಮೇಷ್ಟ್ರು ಅದನ್ನು ಕಿತ್ತುಕೊಂಡರು. ಹಿಸುಕಿದರು, ಒಡೆಯಲಿಲ್ಲ. ಬಗ್ಗಿಸಿದರು, ಹರಿಯಲಿಲ್ಲ. ಮೂಸಿದರು. ಮೂಲಂಗಿ! ಅಪ್ಪಟ ಮೂಲಂಗಿ, ಅಲುಗಾಡದಂತೆ ಕಟ್ಟಿಬಿದ್ದಿತ್ತು!

"ಇದನ್ನ ಯಾರು ಮಾಡಿದ್ದು?" ಅವರು ಗಡ್ಡೆಯನ್ನು ಎತ್ತಿಹಿಡಿದು ಕೇಳಿದರು.

"ಇನ್ಯಾರು, ನಾನೇ! ನೀವು ಬಿಟ್ಟುಹೋದ ಗಲೀಜು ಇನ್ಯಾರು ತೊಳೀಬೇಕು?" ಹೆಂಡತಿ ಸಿಡಿದಳು. "ಪಾತ್ರೇಲಿದ್ದ ಲೋಳೇನ ಸಿಂಕಿಗೆ ಸುರಿದೆ. ಇಳೀದೆ ಅಲ್ಲೇ ಅಂಟ್ಕೊಂಡ್ತು. ಜಿಗುಟು ಬಿಡ್ಲಿ ಅಂತ ಆ ಪೊಟ್ಟಣದ ಉಪ್ಪು ಹಾಕಿ ನಲ್ಲಿ ಬಿಟ್ಟೆ. ಅದು ಅಡುಗೆ ಉಪ್ಪಲ್ಲ ಅಂತ ನನಗೇನು ಕನಸು ಬಿದ್ದಿತ್ತಾ?"

ಮೇಷ್ಟ್ರಿಗೆ ಅವಳ ಕಾಲಿಗೆ ಬೀಳಬೇಕೆನಿಸಿತು. ಪ್ಲಂಬರ್ ಇದ್ದನೆಂದು ಬೀಳಲಿಲ್ಲ.

ಸೋಮವಾರ ಸಮಿತಿಯ ಮುಂದೆ ಆ ಗಡ್ಡೆಯನ್ನು ಹೆಚ್ಚಿ, ಕಾರ್ಖಾನೆಯ ನೀಲಿ ನೀರಿಗೆ ಹಾಕಿ, ಮೇಲೆ ಕಿಣ್ವವನ್ನು ಕೆಲಸಕ್ಕೆ ಹಚ್ಚುವ ಪೆರಾಕ್ಸೈಡ್ ನಾಲ್ಕು ಹನಿ ಬಿಟ್ಟು, ಮೇಷ್ಟ್ರು ಉಸಿರು ಬಿಗಿಹಿಡಿದು ನಿಂತರು. ನೋಡುನೋಡುತ್ತಿದ್ದಂತೆ ನೀಲಿ ಮಾಸಿತು, ಬೂದುಬಣ್ಣವಾಯಿತು, ತಿಳಿಯಾಯಿತು! ತುಂಡುಗಳನ್ನು ತೊಳೆದು ಹೊಸ ನೀರಿಗೆ ಹಾಕಿದರೆ ಅದೂ ತಿಳಿ. ಸಾಯಂಕಾಲದವರೆಗೆ ಐದು ಸಲ ಹಾಕಿದರೂ ಕಿಣ್ವ ಕದಲಲಿಲ್ಲ. ಸಮಿತಿಯ ಅಧ್ಯಕ್ಷೆ ಎದ್ದು ನಿಂತು ಕೈಕುಲುಕಿದರು.

"ಅದ್ಭುತ ಮೇಷ್ಟ್ರೇ! ಯೋಜನೆ ಮುಂದುವರೀಲಿ. ಒಂದೇ ಷರತ್ತು. ಇದೇ ಅಳತೇಲಿ ಇನ್ನು ಮೂರು ಸಲ ಮಾಡಿ ತೋರಿಸ್ಬೇಕು."

ಮೇಷ್ಟ್ರ ನಗು ಮುಖದಲ್ಲೇ ಹೆಪ್ಪುಗಟ್ಟಿತು.

ಮನೆಗೆ ಬಂದವರು ಶೂ ಕೂಡ ಬಿಚ್ಚದೆ, ನೋಟ್‌ಬುಕ್ಕು ಪೆನ್ನು ಹಿಡಿದು, ಫೇಲಾದ ಹುಡುಗನಂತೆ ಅಡುಗೆಮನೆ ಬಾಗಿಲಲ್ಲಿ ನಿಂತರು.

"ಏ, ಸ್ವಲ್ಪ ನೆನಪು ಮಾಡ್ಕೊಂಡು ಹೇಳೇ. ನಿನ್ನೆ ಆ ಲೋಳೆ ಎಷ್ಟು ಸುರಿದೆ?"

"ಪಾತ್ರೇಲಿ ಇದ್ದಷ್ಟು."

"ನೀರು?"

"ನಲ್ಲೀಲಿ ಬಂದಷ್ಟು."

"ಹೋಗ್ಲಿ, ಉಪ್ಪು? ಉಪ್ಪೇ ಮುಖ್ಯ. ಎಷ್ಟು ಹಾಕಿದೆ?"

"ಸಿಟ್ಟು ಬಂದಷ್ಟು!"

ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಬರೆಯಹೋಗಿ ಪೆನ್ನು ನಿಲ್ಲಿಸಿದರು. "ಅಯ್ಯೋ! ಹಾಗಾದ್ರೆ ಇನ್ನು ಮೂರು ಸಲ ನಿನಗೆ ಸರಿಯಾಗಿ ಅಷ್ಟೇ ಸಿಟ್ಟು ಬರ್ಬೇಕಲ್ಲೇ! ಅದನ್ನ ಎಲ್ಲಿಂದ ತರ್ಲಿ?"

ಹೆಂಡತಿ ತಿರುಗಿಯೂ ನೋಡದೆ ಪಾತ್ರೆ ಉಜ್ಜುತ್ತಲೇ ಹೇಳಿದಳು:

"ಅದಕ್ಯಾಕೆ ಚಿಂತೆ? ನೀವು ಮನೇಲಿದ್ರೆ ಸಾಕು."