ಸಾರು ಕುದಿಯುವಷ್ಟು ದೂರ

ಈ ಜನ್ಮದಲ್ಲಿ ಎರಡು ಕೆಲಸ ಆಗುವ ಮಾತೇ ಇಲ್ಲ ಎಂದು ನಮ್ಮ ಬ್ರೋಕರ್ ಮಾವ ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಒಂದು, ನಮ್ಮ ಸೋದರತ್ತೆಗೆ ಒಪ್ಪಿಗೆಯಾಗುವಂಥ ಮನೆ ಮೈಸೂರಿನಲ್ಲಿ ಸಿಗುವುದು. ಇನ್ನೊಂದು, ನಾನು ಡಿಗ್ರಿ ಮುಗಿಸುವುದು. ಎರಡರಲ್ಲಿ ಯಾವುದು ಹೆಚ್ಚು ಅಸಾಧ್ಯ ಎಂದು ಯಾರಾದರೂ ಕೇಳಿದರೆ ಮಾವ ಗಲ್ಲ ಕೆರೆದುಕೊಂಡು, ಹುಡುಗಿ ಕಾಪಿ ಗೀಪಿ ಹೊಡೆದಾದರೂ ಪಾಸಾಗಬಹುದು, ಆ ಯಮ್ಮನಿಗೆ ಮಾತ್ರ ಮನೆ ಸಿಕ್ಕಲ್ಲ ಎನ್ನುತ್ತಿದ್ದರಂತೆ. ನಾನು ಕಾಪಿ ಹೊಡೆಯಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆದರೆ ಅತ್ತೆಯ ವಿಷಯದಲ್ಲಿ ಮಾವನ ಮಾತು ತೀರಾ ಉತ್ಪ್ರೇಕ್ಷೆಯೇನಲ್ಲ!

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಗಂಡ ಬೇಗ ತೀರಿಕೊಂಡರು, ಮಕ್ಕಳಿಲ್ಲ. ನಾನು ತೊಟ್ಟಿಲಲ್ಲಿದ್ದಾಗ ಊರಿನಿಂದ ಕೈಚೀಲ ಹಿಡಿದು ಬಂದವರು ಸೀದಾ ಅಡುಗೆಮನೆ ಹೊಕ್ಕರು. ಅಂದಿನಿಂದ ಆ ರಾಜ್ಯ ಅವರದು. ಅಮ್ಮನಿಗೆ ಅಲ್ಲಿ ತರಕಾರಿ ಹೆಚ್ಚುವ ಅಧಿಕಾರವಿತ್ತೇ ಹೊರತು ಉಪ್ಪು ಹಾಕುವ ಅಧಿಕಾರವಿರಲಿಲ್ಲ. ಅಪ್ಪನನ್ನು ಸೊಂಟದ ಮೇಲೆ ಎತ್ತಿ ಬೆಳೆಸಿದ ಅಕ್ಕ. ಅವರು ಬೇಡ ಎಂದರೆ ಅಪ್ಪ ಎದುರಾಡುವವರಲ್ಲ. ಗೊಣಗುವುದು ಬೇರೆ ವಿಷಯ.

ಆಗ ನಾವಿದ್ದದ್ದು ಮೇಟಗಳ್ಳಿಯಲ್ಲಿ, ಬಾಡಿಗೆ ಮನೆ. ನಾನು ಹಗಲು ಅಲ್ಲೇ ಒಂದು ಫ್ಯಾಕ್ಟರಿಯ ಪ್ಯಾಕಿಂಗ್ ವಿಭಾಗದಲ್ಲಿ ಡಬ್ಬಕ್ಕೆ ಟೇಪು ಹಾಕುತ್ತಿದ್ದೆ. ಸಂಜೆ ಬಸ್ಸು ಹಿಡಿದು ಊರೊಳಗಿನ ಸಂಜೆ ಕಾಲೇಜಿಗೆ ಹೋಗುತ್ತಿದ್ದೆ. ನಮ್ಮ ವಂಶದಲ್ಲಿ ಕಾಲೇಜಿನ ಗೇಟು ದಾಟಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಅಪ್ಪ ಒಮ್ಮೆ ದಾಟಿದ್ದರು, ಗಾರೆ ಕೆಲಸಕ್ಕೆ. ನಾನು ಮೊದಲ ವರ್ಷ ಹೇಗೋ ಮುಗಿಸುವ ಹೊತ್ತಿಗೆ ಮನೆ ಮಾಲೀಕರು, ಈ ಮನೆ ಕೆಡವಿ ಹುಡುಗರಿಗೆ ಪಿಜಿ ಕಟ್ಟಿಸುತ್ತೇನೆ, ಬೇರೆ ಕಡೆ ನೋಡಿಕೊಳ್ಳಿ ಎಂದುಬಿಟ್ಟರು.

ಅಪ್ಪನಿಗೆ ಇದು ಕಷ್ಟವಾಗಲಿಲ್ಲ, ಅವಕಾಶವಾಯಿತು. ಊರವರಿಗೆಲ್ಲ ಗೋಡೆ ಕಟ್ಟಿಕೊಟ್ಟ ಮನುಷ್ಯನಿಗೆ ತನ್ನದೂ ಒಂದು ಗೋಡೆ ಬೇಡವೇ? ರಿಂಗ್ ರಸ್ತೆಯಾಚೆ ಹೊಸ ಬಡಾವಣೆಯಲ್ಲಿ ಅರ್ಧ ಸೈಟು, ಅದರಲ್ಲೊಂದು ಪುಟ್ಟ ಮನೆ. ಅಪ್ಪ ಆ ಮನೆಯ ಬಾಗಿಲು ಯಾವ ಕಡೆಗೆ ಎನ್ನುವುದನ್ನೂ ನಿರ್ಧರಿಸಿದ್ದರು. ತೊಂದರೆ ಒಂದೇ. ಆ ಬಡಾವಣೆಗೆ ಹೋಗುವ ಕೊನೆಯ ಬಸ್ಸು ನನ್ನ ಕೊನೆಯ ತರಗತಿ ಮುಗಿಯುವ ಮೊದಲೇ ಹೊರಟುಬಿಡುತ್ತಿತ್ತು. ಮನೆ ಅಲ್ಲಿಗೆ ಹೋದರೆ ನನ್ನ ಓದು ಅಲ್ಲಿಗೆ ನಿಂತಂತೆ. ಆ ಕನಸಿಗೆ ಅಡ್ಡ ನಿಲ್ಲುವ ಬಾಯಿ ನನಗೆಲ್ಲಿಂದ ಬರಬೇಕು? ಅಮ್ಮನ ಷರತ್ತು ಒಂದೇ, ನಲ್ಲಿಯಲ್ಲಿ ನೀರು ಬರಬೇಕು. ಉಳಿದದ್ದು ಅತ್ತೆಯ ಪರೀಕ್ಷೆ.

ಹೌದು, ಪರೀಕ್ಷೆ! ಬೇರೆಯವರು ಮನೆ ನೋಡಲು ಹೋದರೆ ವಾಸ್ತು ನೋಡುತ್ತಾರೆ, ಪತ್ರ ನೋಡುತ್ತಾರೆ. ನಮ್ಮತ್ತೆ ಸಾರು ಒಯ್ಯುತ್ತಿದ್ದರು. ಒಗ್ಗರಣೆಯೊಂದು ಬಾಕಿಯಿರುವ ತಣ್ಣಗಿನ ಸಾರಿನ ಪಾತ್ರೆಗೆ ಟವೆಲ್ ಕಟ್ಟಿ, ಒಂಟಿ ಬರ್ನರಿನ ಪುಟಾಣಿ ಗ್ಯಾಸ್ ಒಲೆಯ ಸಮೇತ ಮಾವನ ಸ್ಕೂಟರಿನ ಕಾಲಡಿಗೆ ಇಡಿಸುತ್ತಿದ್ದರು. ಹೊಸ ಮನೆಯ ಅಡುಗೆಕಟ್ಟೆಯ ಮೇಲೆ ಒಲೆ ಹಚ್ಚಿ ಸಾರಿಟ್ಟು ಕರಿಬೇವು ತರಲು ಕಾಲ್ನಡಿಗೆಯಲ್ಲಿ ಹೊರಡುವುದು. ಸಾರು ಉಕ್ಕುವ ಮೊದಲು ಕರಿಬೇವಿನೊಂದಿಗೆ ವಾಪಸು ಬಂದರೆ ಅದು ಮನೆ. ಬರದಿದ್ದರೆ ಅದು ತೋಟದ ಗುಡಿಸಲು. ನಡುವೆ ಒಲೆಯನ್ನು ನಾವ್ಯಾರೂ ಮುಟ್ಟುವಂತಿಲ್ಲ. ತಾನು ಮನೆ ತೋರಿಸುವವನೋ ಹೋಟೆಲಿನ ಸಪ್ಲೈಯರೋ ಎಂಬ ಅನುಮಾನ ಮಾವನಿಗೆ ಬಂದದ್ದು ಸಹಜವೇ.

ಮೊದಲ ಪರೀಕ್ಷೆ ಅಪ್ಪನ ಕನಸಿನ ಬಡಾವಣೆಯಲ್ಲಿ. ಕಮಾನಿನ ಮೇಲಿದ್ದ ಹೆಸರಿನಲ್ಲಿ ಹಸಿರು, ಹೊಳೆ, ಗಂಧ ಎಲ್ಲವೂ ಇದ್ದವು; ಕೆಳಗೆ ಬರೀ ಕೆಮ್ಮಣ್ಣು. ಮಾದರಿ ಮನೆಯ ಮುಂದೆ ನಿಂತು ಮಾವ, ಎಂಥ ಶುದ್ಧ ಗಾಳಿ ನೋಡಿ ಎಂದರು. ಗಾಳೀನ ಒಗ್ಗರಣೆಗೆ ಆಕಕ್ಕಾಯ್ತದಾ ಎಂದು ಕೇಳಿ ಅತ್ತೆ ಒಲೆ ಹಚ್ಚಿ ಹೊರಟರು. ರಸ್ತೆ ಅಗಲವೆಂದರೆ ಅಗಲ, ಆನೆಗಳು ಸಾಲಾಗಿ ಹೋಗಬಹುದು. ಅತ್ತೆ ನಡೆದರು, ನಡೆದರು, ಚುಕ್ಕಿಯಾದರು, ಆಮೇಲೆ ಚುಕ್ಕಿಯೂ ಕಾಣಲಿಲ್ಲ. ಕೊನೆಗೆ ಮಾವನೇ ಸ್ಕೂಟರಿನಲ್ಲಿ ಹೋಗಿ ಹುಡುಕಿ ಕರೆತಂದರು. ಕರಿಬೇವು ಸಿಕ್ಕಿರಲಿಲ್ಲ. ಅಷ್ಟರಲ್ಲಿ ಸಾರು ಗೊಜ್ಜಾಗಿ, ಗೊಜ್ಜು ಗೋಂದಾಗಿ, ಗೋಂದು ಪಾತ್ರೆಯೊಂದಿಗೆ ಶಾಶ್ವತ ಸಂಬಂಧ ಬೆಳೆಸಿತ್ತು.

ಅಪ್ಪ ಬಿಡಲಿಲ್ಲ. ಇನ್ನೊಂದೆರಡು ವರ್ಷಕ್ಕೆ ಅಂಗಡಿ, ಬಸ್ಸು, ಸ್ಕೂಲು ಎಲ್ಲ ಬಂದುಬಿಡುತ್ತವೆ ಎಂದು ವಾದಿಸಿದರು.

"ಅಲ್ಲೀಗಂಟ ಸಾರು ಕುದೀತಾನೇ ಇರ್ಲಾ?" ಎಂದರು ಅತ್ತೆ.

ಅಲ್ಲಿನ ಮನೆಗಳೆಲ್ಲ ಅಚ್ಚಿಗೆ ಹಾಕಿ ತೆಗೆದಂತೆ ಒಂದೇ ಥರ ಇದ್ದದ್ದೂ ಅವರಿಗೆ ಹಿಡಿಸಲಿಲ್ಲ. "ಊರಿಗೆಲ್ಲಾ ಒಂದೇ ಅಳ್ತೆ ಅಂಗಿ ಒಲ್ಸವ್ರೆ ಕಣ್ಲಾ. ಒಂಟಿ ಎಂಗಸು ಬಂದ್ರೆ ಎಲ್ಲಿಗೋಗ್ಬೇಕು? ಅತ್ತು ಜನ ಇರೋ ಸಂಸಾರ ಎಲ್ಲಿಗೋಗ್ಬೇಕು?" ಎಂದು ದಾರಿಯುದ್ದಕ್ಕೂ ಕೇಳುತ್ತ ಬಂದರು.

ಎರಡನೆಯದು ಅಪಾರ್ಟ್‌ಮೆಂಟು. ಬಾಡಿಗೆಗೆ ಒಂದು ಖಾಲಿ ಫ್ಲಾಟು, ಮೇಲಿನ ಮಹಡಿಯಲ್ಲಿ. ಲಿಫ್ಟು ಅತ್ತೆಗೆ ಬಹಳ ಇಷ್ಟವಾಯಿತು, ಕಾರಣವಿಲ್ಲದೆ ಎರಡು ಸಲ ಹತ್ತಿ ಇಳಿದರು. ಆದರೆ ಗೇಟಿನಲ್ಲಿ ಸೆಕ್ಯೂರಿಟಿಯವನು ರಿಜಿಸ್ಟರು ತೆರೆದು ಪರ್ಪಸ್ ಏನು ಎಂದು ಕೇಳಿದ. ಹಾಗೆಂದರೆ ಯಾತಕ್ಕೆ ಬಂದಿರಿ ಅಂತ ಎಂದು ಆತನೇ ಬಿಡಿಸಿ ಹೇಳಿದ ಮೇಲೆ ಅತ್ತೆ ಕರಿಬೇವು ಎಂದರು. ಆತ ನಿಷ್ಠೆಯಿಂದ ಅದನ್ನೇ ಬರೆದುಕೊಂಡ. ಹೋಗುವಾಗ ಬಿಟ್ಟ, ಬರುವಾಗ ಬಿಡಲಿಲ್ಲ! ಮನೆಯವರು ಇಂಟರ್‌ಕಾಮಿನಲ್ಲಿ ಹೂಂ ಎನ್ನಬೇಕಂತೆ. ಮೇಲೆ ಫ್ಲಾಟಿನ ಗೋಡೆಯಲ್ಲಿ ಏನೋ ಕಿರುಗುಟ್ಟಿತು. ಅಪ್ಪ ಅದನ್ನು ಹಲ್ಲಿಯೆಂದುಕೊಂಡರು. ಒಳಗೆ ಸಾರು, ಹೊರಗೆ ಅತ್ತೆ. ಕೊನೆಗೆ ಸಾರು ಉಕ್ಕಿ ಸೀದು ಹೊಗೆಯೆದ್ದು ಬೆಂಕಿಯ ಗಂಟೆ ಹೊಡೆದುಕೊಳ್ಳತೊಡಗಿತು. ಎಲ್ಲ ಫ್ಲಾಟುಗಳ ಬಾಗಿಲೂ ತೆರೆದವು. ವರ್ಷಗಳಿಂದ ಅಕ್ಕಪಕ್ಕದಲ್ಲಿದ್ದ ಇಬ್ಬರು ಹೆಂಗಸರು ಮೆಟ್ಟಿಲ ಮೇಲೆ ನಿಂತು, ನೀವು ಇದೇ ಮಹಡಿಯವರಾ ಎಂದು ಪರಿಚಯ ಮಾಡಿಕೊಂಡರು. ಅತ್ತೆಯಿಂದ ಆ ಕಟ್ಟಡಕ್ಕೆ ಅಷ್ಟಾದರೂ ಉಪಕಾರವಾಯಿತು.

ಸಿದ್ಧಾರ್ಥನಗರದಲ್ಲಂತೂ ಒಲೆ ಹಚ್ಚುವವರೆಗೂ ಹೋಗಲಿಲ್ಲ. ಮರಗಳು, ನೆರಳು, ಒಳ್ಳೆಯ ಬೀದಿ. ಯಾರದೋ ಮನೆಯ ಹಿಂದಿನ ಪುಟ್ಟ ಭಾಗ ಬಾಡಿಗೆಗಿತ್ತು. ಅತ್ತೆ ಗೇಟಿನಲ್ಲೇ ನಿಂತು ಬೀದಿ ನೋಡಿದರು. ಬಿಳಿ ಶೂ ಹಾಕಿದ ಗಂಡಸರೂ ಹೆಂಗಸರೂ ಬಿರುಸಾಗಿ ನಡೆಯುತ್ತಿದ್ದರು.

"ಇಷ್ಟು ಜನ ನಡೀತಾವ್ರೆ, ಒಬ್ರ ಕೈಲೂ ಚೀಲ ಇಲ್ಲ. ಸುಮ್ಕೆ ಓಯ್ತಾವ್ರೆ, ಸುಮ್ಕೆ ಬತ್ತಾವ್ರೆ. ಏನಾಗದೆ ಇವ್ರಿಗೆ?"

ಆರೋಗ್ಯಕ್ಕೆ ನಡೆಯುತ್ತಿದ್ದಾರೆ ಎಂದೆ. ಹಾಗಾದರೆ ಸಾಮಾನಿಗೆ ಹೇಗೆ ಹೋಗುತ್ತಾರೆ ಎಂದರು. ಕಾರಿನಲ್ಲಿ ಎಂದೆ. ಅತ್ತೆ ನನ್ನ ಮುಖ ನೋಡಿದರು, ಅಪ್ಪನ ಮುಖ ನೋಡಿದರು, ಸೀದಾ ಹೋಗಿ ಸ್ಕೂಟರಿನ ಹಿಂದೆ ಕೂತರು. ಅವರಿಗೆ ಆ ದಿನ ಆ ಜನರ ಬಗ್ಗೆ ನಿಜವಾಗಿಯೂ ಕನಿಕರವಾಗಿತ್ತು.

ಈ ಹೊತ್ತಿಗೆ ನಮ್ಮ ಮಾಲೀಕರು ಕಾಂಪೌಂಡು ಕೆಡವಿಸಲು ಶುರು ಮಾಡಿದ್ದರು. ಬೆಳಿಗ್ಗೆ ಹಲ್ಲುಜ್ಜುವಾಗ ಹಾರೆಯವನು ಎದುರಿಗೇ ನಿಂತಿರುತ್ತಿದ್ದ. ಅಪ್ಪ ಖಡಾಖಂಡಿತವಾಗಿ ಹೇಳಿದರು: ಮಾವ ಇನ್ನೊಂದು ಮನೆ ತೋರಿಸುತ್ತಾರಂತೆ, ಅದೂ ಆಗದಿದ್ದರೆ ಸೋಮವಾರ ಬಡಾವಣೆಗೆ ಅಡ್ವಾನ್ಸ್ ಕೊಡುವುದೇ, ಸಾರು ಉಕ್ಕಲಿ, ಬತ್ತಲಿ. ಆ ಇನ್ನೊಂದು ಮನೆ ಲಷ್ಕರ್ ಮೊಹಲ್ಲಾದಲ್ಲಿತ್ತು. ಅಲ್ಲಿಂದ ನನ್ನ ಕಾಲೇಜಿಗೆ ನಡೆದೇ ಹೋಗಬಹುದಿತ್ತು. ಫ್ಯಾಕ್ಟರಿಗೆ ರಜ ಹಾಕಿ ನಾನೂ ಹೋದೆ.

ಕೆಳಗೆ ಹಾಸಿಗೆ ಹೊಲಿಯುವ ಅಂಗಡಿ, ಮೇಲೆ ಮನೆ. ಮೆಟ್ಟಿಲಿನ ತುಂಬ ಹತ್ತಿ. ಅಪ್ಪ ಸೀನುತ್ತಲೇ ಹತ್ತಿದರು, ಸೀನುತ್ತಲೇ ಬೇಡ ಎಂದರು. ಅತ್ತೆ ಒಲೆ ಹಚ್ಚಿ ಇಳಿದರು. ಬಾಡಿಗೆ ಕೇಳಲು ಅಪ್ಪನೂ ಮಾವನೂ ಕೆಳಗೆ ಹೋದರು. ಕರಿಬೇವಿನ ಅಂಗಡಿ ಮೂರು ಬಾಗಿಲಾಚೆ! ಗೆದ್ದೆವು ಅಂದುಕೊಂಡು ನಾನು ಅತ್ತೆಯ ಹಿಂದೆ ಓಡಿದೆ.

ಆದರೆ ಇಂಥ ಬೀದಿಯಲ್ಲಿ ಈ ಪರೀಕ್ಷೆಗಿದ್ದ ದೊಡ್ಡ ದೋಷ ಆಗಲೇ ನನಗೆ ಗೊತ್ತಾದದ್ದು. ಬೀದಿಯಲ್ಲಿ ಜನ ಇದ್ದರೆ ನಮ್ಮತ್ತೆ ನಡೆಯುವುದಿಲ್ಲ, ನಿಲ್ಲುತ್ತಾರೆ! ಹಾಸಿಗೆಯವನ ಹತ್ತಿರ ನಿಂತು ಬೂರುಗದ ಹತ್ತಿ ಈಗ ಎಲ್ಲಿಂದ ಬರುತ್ತದೆ ಎಂದು ವಿಚಾರಿಸಿದರು. ಸೊಪ್ಪಿನವಳನ್ನು ಯಾವೂರವ್ವ ಎಂದು ಕೇಳಿದರು. ಅವಳು ನಮ್ಮೂರಿನ ಪಕ್ಕದವಳೇ ಆಗಿಬಿಡಬೇಕೇ? ಇಬ್ಬರೂ ಸೇರಿ ಸತ್ತವರನ್ನೆಲ್ಲ ಒಮ್ಮೆ ಮಾತಾಡಿಸಿ, ಬದುಕಿದವರ ಕಡೆಗೆ ಬಂದರು. ನಾನು ಸೆರಗು ಜಗ್ಗಿದೆ. ಅತ್ತೆ, ಸಾರು ಎಂದೆ. ಇರೇ ಎಂದು ಕೈ ಕೊಡವಿದರು. ಅಲ್ಲಿ ಮೇಲೆ ಉಕ್ಕುತ್ತಿದ್ದದ್ದು ಬರೀ ಸಾರೇ? ನನ್ನ ಡಿಗ್ರಿಯಲ್ಲವೇ!

ಅಂತೂ ಕರಿಬೇವು ಹಿಡಿದು ಮೆಟ್ಟಿಲು ಹತ್ತಿದೆವು. ಸೀದ ವಾಸನೆ ಇಲ್ಲ. ಒಲೆ ಆರಿತ್ತು, ಪಾತ್ರೆಗೆ ತಟ್ಟೆ ಮುಚ್ಚಿತ್ತು. ಹೆಗಲ ಮೇಲೆ ದಾರದ ಎಳೆಗಳನ್ನು ಹಾಕಿಕೊಂಡು, ಎದುರು ಬಾಗಿಲಿನ ಹೆಂಗಸೊಬ್ಬರು ಅಡುಗೆಕಟ್ಟೆಯ ಪಕ್ಕ ನಿಂತಿದ್ದರು. ಸೀರೆಗೆ ಫಾಲ್ಸ್ ಹೊಲಿಯುವವರಂತೆ.

"ಉಕ್ತಾ ಇತ್ತು ಅಮ್ಮಾ, ಯಾರೂ ಇರ್ಲಿಲ್ಲ, ಅದಕ್ಕೆ ನಾನೇ ಬಂದು ಆಫ್ ಮಾಡ್ದೆ" ಎಂದರು. ಆಮೇಲೆ ಸ್ವಲ್ಪ ತಡೆದು, "ಉಪ್ಪು ಕಮ್ಮಿ ಅನ್ಸ್ತು. ಒಂಚೂರು ಹಾಕಿದೀನಿ" ಎಂದರು.

ಅಷ್ಟರಲ್ಲಿ ಅಪ್ಪನೂ ಮಾವನೂ ಮೇಲೆ ಬಂದಿದ್ದರು. ಅಮ್ಮನಿಗೇ ಇಷ್ಟು ವರ್ಷ ಸಿಗದಿದ್ದ ಅಧಿಕಾರ! ಅತ್ತೆ ಸೌಟೆತ್ತಿ ಅಂಗೈಗೆ ಎರಡು ಹನಿ ಹಾಕಿಕೊಂಡು ನೆಕ್ಕಿದರು. ಕಣ್ಣು ಮುಚ್ಚಿದರು. ಇನ್ನೊಮ್ಮೆ ಹಾಕಿಕೊಂಡು ನೆಕ್ಕಿದರು.

"ತಮ್ಮ, ಅಡ್ವಾನ್ಸ್ ಕೊಟ್ಬುಡು."

ಅಪ್ಪ ಕಾನೂನು ತೆಗೆದರು. ಅಕ್ಕ ಬರುವ ಮೊದಲೇ ಸಾರು ಉಕ್ಕಿದೆ, ಹಾಗಾಗಿ ಈ ಮನೆ ಫೇಲು ತಾನೆ?

"ಉಕ್ಕುದ್ರೆ ಆರ್ಸೋರು ಅವ್ರಲ್ಲ, ಇನ್ನೇನ್ಲಾ ಬೇಕು ನಿಂಗೆ?"

ಅಲ್ಲಿಗೆ ಮುಗಿಯಿತು. ಹೀಗೆ ಒಂದು ಎಸಳು ಕರಿಬೇವಿನಿಂದ ನನ್ನ ಕಾಲೇಜು ಉಳಿಯಿತು, ಅಪ್ಪನ ಸೈಟು ಹೋಯಿತು.

ಲಷ್ಕರ್ ಮೊಹಲ್ಲಾ ಸ್ವರ್ಗ ಎಂದು ನಾನೇನೂ ಹೇಳುವುದಿಲ್ಲ. ಅಪ್ಪನ ಸೈಕಲ್ ನಿಲ್ಲಿಸಲು ದಿನವೂ ಒಂದು ಸಂಧಾನ ಬೇಕಿತ್ತು. ಹಾರಿ ಬಂದ ಹತ್ತಿ ಮೊಸರಿನಲ್ಲೂ ಸಿಗುತ್ತಿತ್ತು. ನಲ್ಲಿ ಬರುತ್ತಿತ್ತು, ಬಂದಷ್ಟೇ ಗಲಾಟೆಯನ್ನೂ ತರುತ್ತಿತ್ತು. ಆದರೆ ಅದೇ ಕಟ್ಟಡದಲ್ಲಿ ಒಂದೇ ಕೋಣೆಯಲ್ಲಿ ಒಬ್ಬರೇ ಇದ್ದ ಗಡಿಯಾರ ರಿಪೇರಿಯವರಿದ್ದರು, ಕೋಣೆ ಮತ್ತು ಅಡುಗೆಮನೆ ಹಿಡಿದ ಹೊಸ ಜೋಡಿಯಿತ್ತು, ಹಿಂದಿನ ದೊಡ್ಡ ಭಾಗದಲ್ಲಿ ಅಜ್ಜಿ ಮೊಮ್ಮಕ್ಕಳ ಸಂತೆಯೇ ಇತ್ತು. ತರತರದ ಅಳತೆಯ ಬದುಕಿಗೆ ತರತರದ ಅಳತೆಯ ಮನೆ. ಸಂಜೆ ಕೊನೆಯ ತರಗತಿ ಮುಗಿಸಿ ನಾನು ಬೆಳಕಿರುವ ಅಂಗಡಿಗಳ ಮುಂದೆ ನಡೆದು ಬರುವಾಗ, ಹುಡುಗಿ ಬಂದ್ಳು ಎಂಬ ಸುದ್ದಿ ನನಗಿಂತ ಮೊದಲೇ ಮನೆ ತಲುಪಿರುತ್ತಿತ್ತು. ಪರೀಕ್ಷೆಯಲ್ಲಿ ಒಮ್ಮೆ ಫೇಲಾದ ಸುದ್ದಿಯೂ ಅಷ್ಟೇ ಬೇಗ ತಲುಪಿತ್ತೆನ್ನಿ!

ಒಂದು ಸಲ ಕಾಲೇಜಿನಿಂದ ನಮ್ಮನ್ನು ಒಂದು ಭಾಷಣಕ್ಕೆ ಕರೆದೊಯ್ದರು. ಎಲ್ಲವೂ ನಡಿಗೆಯ ದೂರದಲ್ಲಿರಬೇಕು, ಬಡವರಿಗೂ ಒಂಟಿಯವರಿಗೂ ತಕ್ಕ ಮನೆಗಳಿರಬೇಕು, ನಗರ ಹಿಗ್ಗಬಾರದು, ಒತ್ತಾಗಿ ಬೆಳೆಯಬೇಕು ಎಂದು ತಜ್ಞರು ಪರದೆಯ ಮೇಲೆ ಚಿತ್ರ ತೋರಿಸಿದರು. ಮನೆಗೆ ಬಂದು ಉತ್ಸಾಹದಿಂದ ಅತ್ತೆಗೆ ವರದಿ ಒಪ್ಪಿಸಿದೆ. ಎಲ್ಲ ಕೇಳಿ, ಅವರು ಸಾರು ಒಯ್ದಿದ್ದರಾ ಎಂದರು. ಇಲ್ಲ ಎಂದೆ. ಅತ್ತೆಗೆ ಮತ್ತೆ ಆಸಕ್ತಿ ಉಳಿಯಲಿಲ್ಲ.

ಅಪ್ಪ ಮಾತ್ರ ಗೊಣಗುವುದನ್ನು ಬಿಡಲಿಲ್ಲ. ಕರಿಬೇವಿಗಾಗಿ ಸೈಟು ಬಿಟ್ಟ ಗಂಡಸು ಮೈಸೂರಿನಲ್ಲೇ ತಾನೊಬ್ಬನೇ ಎಂದು ಟೀ ಅಂಗಡಿಯಲ್ಲಿ ಹೇಳಿಕೊಳ್ಳುತ್ತಿದ್ದರು. ನೆಂಟರೂ ಹಾಗೆಯೇ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಅತ್ತೆ ಮಾತ್ರ ನನ್ನ ಕೊನೆಯ ತರಗತಿ ಮುಗಿಯುವ ಹೊತ್ತಿಗೆ ಸರಿಯಾಗಿ ಸಾರು ಬಿಸಿಗಿಡುತ್ತಿದ್ದರು.

ಡಿಗ್ರಿ ಮುಗಿಯಿತು. ಬೇಕಾದುದಕ್ಕಿಂತ ಒಂದು ವರ್ಷ ಹೆಚ್ಚೇ ಹಿಡಿಯಿತು, ಆದರೆ ಮುಗಿಯಿತು. ಕಾಲೇಜಿನ ಅಂಗಳದಲ್ಲಿ ಶಾಮಿಯಾನ ಹಾಕಿ ಸರ್ಟಿಫಿಕೇಟು ಕೊಟ್ಟರು. ಮನೆಯವರೆಲ್ಲ ಬಂದಿದ್ದರು. ಕರಿ ಗೌನು ತೊಟ್ಟ ನನ್ನನ್ನು ನೋಡಿ ಅತ್ತೆ, ಈ ಬಿಸಿಲಿನಲ್ಲಿ ಕಂಬಳಿ ಯಾಕೆ ಹೊದಿಸಿದ್ದಾರೆ ಎಂದು ಪಕ್ಕದವರನ್ನು ವಿಚಾರಿಸಿದರಂತೆ. ನಾನು ವೇದಿಕೆಯಿಂದ ಇಳಿದು ಬಂದು ಸರ್ಟಿಫಿಕೇಟನ್ನು ಅವರ ಕೈಗೇ ಕೊಟ್ಟೆ. ಅವರು ಅದನ್ನು ನಾಲ್ಕಾಗಿ ಮಡಿಚಿ ಎಲೆಯಡಿಕೆ ಚೀಲಕ್ಕೆ ಸೇರಿಸಲು ಹೊರಟರು. ಕೈ ಹಿಡಿದು ತಡೆದೆ. ನಿನ್ನ ಹೆಸರು ಎಲ್ಲಿದೆ ತೋರಿಸು ಎಂದರು. ತೋರಿಸಿದೆ. ಓದಲು ಬಾರದ ಅತ್ತೆ ಆ ಸಾಲಿನ ಕೆಳಗೆ ಬೆರಳಿಟ್ಟು ಬಹಳ ಹೊತ್ತು ಹಾಗೇ ನೋಡುತ್ತ ನಿಂತರು. ಆಮೇಲೆ ಕಾಗದವನ್ನು ನನ್ನ ಕೈಗೆ ವಾಪಸು ಕೊಟ್ಟು, ಶಾಮಿಯಾನದ ಆಚೆ ಯಾರಿಗೋ ಮಗಳನ್ನು ತೋರಿಸುತ್ತ ನಿಂತಿದ್ದ ಅಪ್ಪನ ಕಡೆಗೆ ನೋಡುತ್ತ ನನಗೆ ಮೆಲ್ಲಗೆ ಹೇಳಿದರು:

"ಸರಿ ಬುಡವ್ವ. ಇನ್ನು ನಿಮ್ಮಪ್ಪಂಗೆ ಏಳ್ಬುಡು, ಎಲ್ಲಿ ಬೇಕಾದ್ರೂ ಮನೆ ಕಟ್ಕೊಳ್ಳಿ. ನಂಗೆ ಎಲ್ಲಾದ್ರೂ ಆಯ್ತದೆ."