ಸಪ್ಪಗಾದ ಮೇಲೆ ಮಾತು

ಯಾರಾದರೂ ಏನಾದರೂ ಹೇಳಿದರೆ, ಅದು ಪೂರ್ತಿ ಕಿವಿಯೊಳಗೆ ಇಳಿಯುವ ಮೊದಲೇ ಅದಕ್ಕೊಂದು ವಿರೋಧ ಜೋಡಿಸಿಕೊಳ್ಳುವ ರೋಗ ನನಗಿದೆ. ಕಾಲೇಜಿನಲ್ಲಿ ಈ ರೋಗಕ್ಕೆ ಪ್ರತಿಭೆ ಎಂದು ಹೆಸರಿತ್ತು. ಚಿಕ್ಕೋಡಿ, ನಿಪ್ಪಾಣಿ, ಅಥಣಿ ಎಂದು ಅಲೆದು ಚರ್ಚಾಸ್ಪರ್ಧೆಯ ಢಾಲುಗಳನ್ನು ಗೆದ್ದು ತಂದಿದ್ದೇನೆ. ಒಮ್ಮೆ ಪರವಾಗಿ ಮಾತಾಡಬೇಕಾದವನು ಬಾರದ್ದರಿಂದ ಪರವೂ ನಾನೇ, ವಿರೋಧವೂ ನಾನೇ ಆಗಿ, ನನ್ನನ್ನು ನಾನೇ ಸೋಲಿಸಿದ್ದೂ ಉಂಟು. ಮನೆಯಲ್ಲಿ ಮಾತ್ರ ಈ ಪ್ರತಿಭೆಗೆ ಗಿರಾಕಿಗಳಿರಲಿಲ್ಲ. "ಬಿಸಿ ರೊಟ್ಟಿ ಹಾಕ್ಲೇನೋ?" ಎಂದು ಅವ್ವ ಕೇಳಿದರೆ, ಬಿಸಿ ಎಂದರೆ ಎಷ್ಟು ಬಿಸಿ ಎಂದು ನಾನು ಕೇಳುತ್ತಿದ್ದೆ. "ಲೇ, ನಿನ್ನ ವಾದಾ ಮುಗಿಯೂದ್ರಾಗ ಅದು ತಂಗಳಾ ಆಕ್ಕೈತಿ, ಗಪ್ಪ ತಿನ್ನು" ಎನ್ನುತ್ತಿದ್ದಳು.

ಎಂಬತ್ತರ ದಶಕ ಮುಗಿಯುತ್ತಿದ್ದಾಗ ಇಂಥ ನಾನು ಮಾಸ್ತರನಾದೆ. ಕಬ್ಬೂರಿನಿಂದ ಆಚೆ, ಕಬ್ಬಿನ ಹೊಲಗಳ ನಡುವೆ ಒಂದು ತೋಟದ ಶಾಲೆ. ಎರಡು ಕೋಣೆ, ಇಬ್ಬರೇ ಶಿಕ್ಷಕರು: ನಾನು ಮತ್ತು ಮುಖ್ಯೋಪಾಧ್ಯಾಯಿನಿ ಚಂಪಾ ಅಕ್ಕೋರು. ಅಕ್ಕೋರು ಮಹಾರಾಷ್ಟ್ರದ ಗಡಿಯ ಕೊಗನೊಳ್ಳಿ ಕಡೆಯವರು. ಅರ್ಧ ಮಾತು ಕನ್ನಡ, ಅರ್ಧ ಮರಾಠಿ. ಆದರೆ ಒಟ್ಟು ಮಾತೇ ಕಡಿಮೆಯಾದ್ದರಿಂದ ಯಾರಿಗೂ ತೊಂದರೆಯಿರಲಿಲ್ಲ.

ಅವರದೊಂದು ವಿಚಿತ್ರ ಪದ್ಧತಿ. ಮಕ್ಕಳು ಹೊಡೆದಾಡಿಕೊಂಡು ದೂರು ತಂದರೆ, ಯಾರು ಮೊದಲು ಹೊಡೆದರೆಂದು ಅವರು ಕೇಳುತ್ತಿರಲಿಲ್ಲ. ಮೂಲೆಯಲ್ಲಿ ಆನಿಸಿಟ್ಟ ಕಬ್ಬಿನ ಜಲ್ಲೆಯಿಂದ ಕುಡಗೋಲಿನಲ್ಲಿ ಒಂದೊಂದು ಗಣಿಕೆ ಕತ್ತರಿಸಿ ಇಬ್ಬರ ಕೈಗೂ ಕೊಡುತ್ತಿದ್ದರು. "ಜಗೀರಿ. ಸಿಹಿ ಎಲ್ಲೀತನಕ ಬರತೈತಿ, ಅದನ್ನಷ್ಟ ನೋಡ್ಕೋತ ಜಗೀಬೇಕ. ಪೂರಾ ಸಪ್ಪಗಾದ ಮ್ಯಾಲ ಸಿಪ್ಪಿ ಉಗುಳಿ ಬಂದ ಹೇಳ್ರಿ." ಹತ್ತು ನಿಮಿಷದ ಮೇಲೆ ಅರ್ಧ ದೂರುಗಳು ಸಿಪ್ಪೆಯ ಜೊತೆಗೇ ಕಸದ ಗುಂಡಿ ಸೇರಿರುತ್ತಿದ್ದವು. ಉಳಿದವನ್ನು ಮಕ್ಕಳು ಅಳದೆ, ಕೂಗದೆ, ಹೀಗೆ ಹೀಗಾಯಿತು ಎಂದು ಹೇಳುತ್ತಿದ್ದರು.

ನಾನು ಬಿಡುತ್ತೇನೆಯೇ? "ಅಕ್ಕೋರ್ರಿ, ಇದು ನ್ಯಾಯ ಅಲ್ರಿ. ಬಾಯಾಗ ಕಬ್ಬ ತುರುಕಿದ್ರ ಯಾರರೆ ಹ್ಯಾಂಗ ಮಾತಾಡ್ತಾರ್ರಿ? ಮತ್ತ, ಹೊಡದಾಡಿದವರಿಗೆ ಕಬ್ಬ, ಸುಮ್ಮನ ಕುಂತವರಿಗೆ ಏನೂ ಇಲ್ಲಂದ್ರ, ನಾಳೆ ಕಬ್ಬಿನ ಸಲುವಾಗೇ ಹೊಡದಾಡ್ತಾರ."

"ಹೌದ್ರಿ ಸರ, ಖರೇನ ಐತಿ" ಎಂದು ಅಕ್ಕೋರು ಹಾಜರಿ ಪುಸ್ತಕ ತೆರೆದರು. ಒಪ್ಪಿಕೊಂಡುಬಿಡುವ ಎದುರಾಳಿಯನ್ನು ಸೋಲಿಸುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ.

"ಇದಕ್ಕ ಧ್ಯಾನ ಅಂತೀರೇನ್ರಿ?" ಎಂದು ಇನ್ನೊಂದು ದಿನ ಕೆಣಕಿದೆ.

"ಧ್ಯಾನ ಗೀನ ನಂಗ ತಿಳೀದಿಲ್ರಿ. ಸಣ್ಣಾಕಿ ಇದ್ದಾಗ ನಾ ಭಾಳ ಜಗಳಗಂಟಿ ಇದ್ನಿ. ನಮ್ಮವ್ವ ಹಿಂಗ ಮಾಡ್ತಿದ್ಲು."

ಮಕ್ಕಳ ಬಾಯಿ ಮುಚ್ಚಿಸುವುದಲ್ಲ, ತೆರೆಸಬೇಕು ಎಂಬುದು ನನ್ನ ಸಿದ್ಧಾಂತ. ಹೀಗಾಗಿ ಶನಿವಾರ ಚರ್ಚಾಸ್ಪರ್ಧೆ ಶುರುಮಾಡಿದೆ. ಮೊದಲ ವಿಷಯ, ಕಬ್ಬು ಮೇಲೋ ಕುರಿ ಮೇಲೋ. ಕಬ್ಬಿನ ಪರ, ತೋಟದ ಮನೆಯ ಸುನಂದಾ. ಕುರಿಯ ಪರ, ಕುರಿ ಕಾಯುವವರ ಮನೆಯ ಮಾಯವ್ವ. ಇಬ್ಬರೂ ನಾಲ್ಕನೇ ಇಯತ್ತೆ, ಒಂದೇ ಪಾಟಿಯಲ್ಲಿ ಇಬ್ಬರೂ ಬರೆಯುವಷ್ಟು ಗೆಳತಿಯರು. ಮಾಯವ್ವ ಕಂಬಳಿ, ಗೊಬ್ಬರ, ಹಾಲು ಎಂದು ಚೆನ್ನಾಗಿಯೇ ಹೇಳುತ್ತಿದ್ದಳು. ಸೋಲುತ್ತೇನೆಂದು ಕಂಡ ಸುನಂದಾ, "ಕುರಿ ಕಾಯೋರ ಮೈ ನಾರತೈತಿ!" ಎಂದುಬಿಟ್ಟಳು. ವರ್ಗವೆಲ್ಲ ನಕ್ಕಿತು. ಸಮಯಸ್ಫೂರ್ತಿ ಎಂದು ನಾನು ಚಪ್ಪಾಳೆ ತಟ್ಟಿ ಸುನಂದಾಳನ್ನು ಗೆಲ್ಲಿಸಿದೆ. ಚಪ್ಪಾಳೆ ತಟ್ಟಿದೆ ಎಂಬುದನ್ನು ಇಂದಿಗೂ ಬರೆಯಲು ಕೈ ಹಿಂಜರಿಯುತ್ತದೆ.

ಸೋಮವಾರ ಮಾಯವ್ವ ಬರಲಿಲ್ಲ. ಗುರುವಾರದವರೆಗೂ ಬರಲಿಲ್ಲ. ಇನ್ನು ಆಕೆ ಕುರಿಯ ಹಿಂದೆಯೇ ಹೋಗುತ್ತಾಳೆ, ಶಾಲೆ ಸಾಕು ಎಂದು ಅವಳಪ್ಪ ಹೇಳಿಕಳಿಸಿದ. ಹಿಂಡು ಎರಡು ದಿನದಲ್ಲಿ ಬೇರೆ ಊರಿಗೆ ಹೊರಡುವುದಿತ್ತು.

ಶುಕ್ರವಾರ ಶಾಲೆ ಬಿಟ್ಟ ಮೇಲೆ ಕುರಿ ಹಿಂಡು ತರುಬಿ ನಿಲ್ಲಿಸಿದ ಹೊಲಕ್ಕೆ ಹೊರಟೆವು. ಮುಂದೆ ಒಂದು ಜಲ್ಲೆ ಹಿಡಿದ ಅಕ್ಕೋರು, ಅವರ ಹಿಂದೆ ಸುನಂದಾ, ಕೊನೆಗೆ ನಾನು. ಶಿಕ್ಷಣದ ಮಹತ್ವದ ಕುರಿತು ಏಳು ಅಂಶಗಳನ್ನು ದಾರಿಯುದ್ದಕ್ಕೂ ಗುನುಗುತ್ತಿದ್ದೆ. ಮಾಯವ್ವ ಮರಿಯೊಂದನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು, ನಮ್ಮ ಕಡೆ ನೋಡಲಿಲ್ಲ. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಕ್ಕೋರು ಜಲ್ಲೆ ಕತ್ತರಿಸಿದರು. ಮಾಯವ್ವನಿಗೆ ಒಂದು, ಸುನಂದಾಳಿಗೆ ಒಂದು. ಮೂರನೆಯದನ್ನು ನನ್ನ ಮುಂದೆ ಹಿಡಿದರು.

"ನಂಗ್ಯಾಕ್ರಿ?"

"ಜಗಳಾಡಿದವರು ಮೂರ ಮಂದಿ ಅದೀರಲ್ರಿ ಸರ."

ಜಗಿದೆ. ಮೊದಲು ಬರೀ ಸಿಟ್ಟು. ಸಿಹಿ ಗೊತ್ತೇ ಆಗಲಿಲ್ಲ. ಆಮೇಲೆ ಗೊತ್ತಾಯಿತು. ಗಂಟಿನ ಹತ್ತಿರ ಹಲ್ಲು ಊರಿದಾಗ ರುಚಿ ಬೇರೆ ಎಂಬುದೂ ತಿಳಿಯಿತು. ಕಬ್ಬಿನ ಸೀಮೆಯಲ್ಲೇ ಹುಟ್ಟಿ ಬೆಳೆದವನಿಗೆ ಇದು ಹೊಸ ಸುದ್ದಿ! ಏಳನೆಯ ಅಂಶ ಮರೆತುಹೋಯಿತು, ಆರನೆಯದೂ ಮರೆತುಹೋಯಿತು. ಕುರಿಗಳ ಸದ್ದು ಕೇಳಿಸಿತು. ಆ ಹುಡುಗಿಯ ಮುಖ ಶನಿವಾರ ಹೇಗೆ ಸಣ್ಣಗಾಗಿತ್ತೆಂದು ಆರು ದಿನದ ಮೇಲೆ ಮೊದಲ ಸಲ ಕಂಡಿತು.

ಅಷ್ಟರಲ್ಲಿ ಸುನಂದಾ ಬಿಕ್ಕಿದಳು. "ಅಕ್ಕೋರ್ರಿ, ನಂದು ಉಪ್ಪುಪ್ಪು ಆಗಾಕತ್ತೈತ್ರಿ."

ಅದು ಕಣ್ಣೀರು ಬಾಯೊಳಗೆ ಇಳಿದದ್ದರಿಂದ ಎಂದು ವಿವರಿಸಲು ನಾನು ಸಜ್ಜಾದೆ. "ಸರ, ಗಪ್ಪ" ಎಂದರು ಅಕ್ಕೋರು.

ಮಾಯವ್ವ ಗೆಳತಿಯನ್ನು ಒಂದು ಗಳಿಗೆ ನೋಡಿದಳು. ತನ್ನ ಗಣಿಕೆಯಿಂದ ಒಂದು ಸೀಳು ಮುರಿದು ಚಾಚಿದಳು. "ನಂದು ಸಿಹಿ ಐತಿ, ತಗೋ. ಸಿಂಬಳಾ ಒರಸ್ಕೋ ಮೊದಲ."

ನಾನೂ ಸಿಪ್ಪೆ ಉಗುಳಿದೆ. ಏಳು ಅಂಶಗಳಲ್ಲಿ ಒಂದೂ ಉಳಿದಿರಲಿಲ್ಲ. "ಮಾಯವ್ವ, ತಪ್ಪು ನಂದವಾ" ಎಂದೆ.

"ಹೌದ್ರಿ ಸರ" ಎಂದಳು ಮಾಯವ್ವ. "ಹೌದ್ರಿ" ಎಂದಳು ಸುನಂದಾ. ಬೇಲಿಯ ಆಚೆಯಿಂದ ಮಾಯವ್ವನ ಅಪ್ಪನೂ ಹೌದೆಂದ. ವಿರೋಧಿಸುವವರು ಯಾರೂ ಇರಲಿಲ್ಲ. ಹಿಂಡು ಹೋಯಿತು, ಮಾಯವ್ವ ಅಜ್ಜಿಯ ಹತ್ತಿರ ಉಳಿದು ಸೋಮವಾರ ಶಾಲೆಗೆ ಬಂದಳು.

ಕಳೆದ ವರ್ಷ ಅಕ್ಕೋರು ನಿವೃತ್ತರಾದರು. ವಂದನಾರ್ಪಣೆ ನನ್ನದು. ಹನ್ನೊಂದು ಅಂಶಗಳು ಸಿದ್ಧವಾಗಿದ್ದವು. ವೇದಿಕೆ ಏರುವ ಮುನ್ನ, ಇವುಗಳಲ್ಲಿ ಖರೆ ಎಷ್ಟು ನೋಡೋಣವೆಂದು ಒಂದು ಗಣಿಕೆ ಬಾಯಿಗಿಟ್ಟೆ. ಒಂದೊಂದೇ ಉದುರಿ, ಕೊನೆಗೆ ಒಂದೇ ವಾಕ್ಯ ಉಳಿಯಿತು: ನೀವು ಅಂದು ಮೂರನೆಯ ಗಣಿಕೆ ಕತ್ತರಿಸದಿದ್ದರೆ ನಾನು ಇನ್ನೂ ಗೆಲ್ಲುತ್ತಲೇ ಇರುತ್ತಿದ್ದೆ. ಅಷ್ಟರಲ್ಲಿ ಹೆಸರು ಕೂಗಿದರು. ಹೋಗಿ ನಿಂತೆ, ಕೈಮುಗಿದೆ, ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಮಾಸ್ತರರ ಕೊರಳು ಬಿಗಿದು ಬಂದಿದೆ ಎಂದು ಜನರೆಲ್ಲ ಚಪ್ಪಾಳೆ ತಟ್ಟಿದರು. ಅಷ್ಟು ಚಪ್ಪಾಳೆ ನನಗೆ ಯಾವ ಢಾಲಿನ ಜೊತೆಗೂ ಸಿಕ್ಕಿರಲಿಲ್ಲ. ಅಕ್ಕೋರು ಮಾತ್ರ ಸೆರಗು ಅಡ್ಡ ಹಿಡಿದು, ನನಗಷ್ಟೇ ಕೇಳುವಂತೆ ಹೇಳಿದರು:

"ಸರ, ಮೊದಲ ಸಿಪ್ಪಿ ಉಗುಳ್ರಿ."